ಚಗ್ ಮಾವ ಸತ್ತ ಮೇಲೆ ಮಾಡಿದ ಕೆಲಸ

1

ಈ ಕಥೆ ಎಲ್ಲಿಂದ ಶುರುವಾಗಬೇಕು ಎಂಬ ವಿಷಯದಲ್ಲಿ ನಮ್ಮ ಊರಿನಲ್ಲಿ ಒಮ್ಮತವಿಲ್ಲ. ಗವರ್ನರ್ ಪಿಡ್ಸ್‌ಲಿಯವರು ದೇವರಿಂದ ಶುರು ಮಾಡು ಎನ್ನುತ್ತಾರೆ. ಡೊರ್ಕಸ್ ಅತ್ತೆ ಇಲಿಗಳಿಂದ ಶುರು ಮಾಡು ಎನ್ನುತ್ತಾರೆ. ಮಾಸ್ಟರ್ ಫೋಲ್ ಅವರು ತಮ್ಮ ಮುತ್ತಜ್ಜನಿಂದ ಶುರು ಮಾಡು ಎನ್ನುತ್ತಾರೆ. ಮುತ್ತಜ್ಜ ಈ ಕಡಲು ದಾಟಿದವರಲ್ಲ, ಆದರೆ ಅವರಿಗೊಂದು ಕೋಟೆ ಇತ್ತಂತೆ.

ನಾನು ಕಾಗದದಿಂದ ಶುರು ಮಾಡುತ್ತೇನೆ. ಅದು ಎದುರಿಗೇ ಇದೆ.

ಇದು ಲಂಡನ್ನಿನ ಕಂಪನಿಯವರು ಹಡಗಿನಲ್ಲಿ ಕಳಿಸಿದ ಕಾಗದ. ಜೊತೆಗೊಂದು ಆಜ್ಞೆಯೂ ಬಂದಿದೆ: ನೂರ ನಾಲ್ಕು ಜನ ಹೋಗಿದ್ದೀರಿ, ಬದುಕಿದ್ದರೆ ಹೇಗೆ ಬದುಕಿದಿರಿ ಎಂದು ಬರೆದು ಕಳಿಸಿ, ಅಚ್ಚು ಹಾಕಿಸುತ್ತೇವೆ, ಓದಿದವರಿಗೆ ತಾವೂ ಅಲ್ಲಿಗೆ ಹೋಗಬೇಕು ಅನ್ನಿಸುವಂತಿರಲಿ. (ಬದುಕಿಲ್ಲದಿದ್ದರೆ ಏನು ಮಾಡಬೇಕೆಂದು ಹೇಳಿಲ್ಲ.)

ಬರೆಯಬೇಕಾಗಿದ್ದ ಗುಮಾಸ್ತರು ಫೆಬ್ರವರಿಯಲ್ಲಿ ಸತ್ತರು. ಗವರ್ನರರ ಬಲಗೈಯ ಎರಡು ಬೆರಳು ಚಳಿಗೆ ಹೋಗಿವೆ. ಮಾಸ್ಟರ್ ಫೋಲ್ ಅವರಿಗೆ ಬರೆಯಲು ಬರುತ್ತದೆ, ಆದರೆ ಅವರು ಕೈಕೆಲಸ ಮಾಡುವುದಿಲ್ಲ. ಉಳಿದವಳು ನಾನು, ಟ್ಯಾಮ್ಸಿನ್, ಡೊರ್ಕಸ್ ಅತ್ತೆಯ ಅಣ್ಣನ ಮಗಳು. ಓದು ಬಿಟ್ಟಾಗ ನನಗೆ ಎಂಟು ವರ್ಷ. ಅಷ್ಟರಲ್ಲಿ ಅಕ್ಷರ ಗುಂಡಗಾಗಿತ್ತು.

ಹಡಗು ಗುರುವಾರ ಬೆಳಗಿನ ಕಡಲಿಳಿತಕ್ಕೆ ಹೊರಡುತ್ತದೆ. ಇವತ್ತು ಮಂಗಳವಾರ.

1 (ಇನ್ನೊಮ್ಮೆ)

ದೇವರ ಕೃಪೆಯಿಂದಲೂ, ಗವರ್ನರ್ ಪಿಡ್ಸ್‌ಲಿಯವರ ದೂರದೃಷ್ಟಿಯಿಂದಲೂ, ಪುಣ್ಯಾತ್ಮ ಬಾರ್ನಬಿ ಚಗ್ ಅವರು ಸಮಾಧಿಯಿಂದ ತೋರಿದ ಪವಾಡದಿಂದಲೂ ನ್ಯೂ ಡಾರ್ಟನ್ ಎಂಬ ಈ ವಸಾಹತು...

"ಯಾರು ಪುಣ್ಯಾತ್ಮ?" ಎಂದರು ಅತ್ತೆ. ಅವರಿಗೆ ಓದಲು ಬರುವುದಿಲ್ಲ. ನಾನು ಬರೆಯುವಾಗ ಪಿಸುಗುಡುತ್ತೇನೆ, ಅದನ್ನು ಕೇಳಿಕೊಂಡು ಪಕ್ಕದಲ್ಲೇ ಕೂತಿರುತ್ತಾರೆ.

"ಮಾವ."

"ಯಾವ ಮಾವ?"

"ನಿಮ್ಮ ಗಂಡ, ಅತ್ತೆ."

"ಬದುಕಿದ್ದಾಗ ಆ ಮನುಷ್ಯ ಒಂದು ಈರುಳ್ಳಿ ಬೆಳೆದಿಲ್ಲ. ಸತ್ತ ಮೇಲೆ ಊರಿಗೆಲ್ಲ ಜೋಳ ಹಂಚಿದ್ನಾ? ಹೊಡೆದು ಹಾಕು ಅದನ್ನ."

"ಹೊಡೆದು ಹಾಕಿ ಆ ಜಾಗದಲ್ಲಿ ಏನು ಬರೀಲಿ?"

"ನನ್ನ ಹೆಸರು ಬರಿ."

ಓದುಗರೇ, ತೊಂದರೆ ಇರುವುದು ಇಲ್ಲೇ. ಊರನ್ನು ಉಳಿಸಿದ್ದು ಡೊರ್ಕಸ್ ಅತ್ತೆಯೇ. ಹೇಗೆಂದರೆ, ಎಲ್ಲರ ಉಗ್ರಾಣದಿಂದ ಮೂರು ಬುಟ್ಟಿ ಮುಸುಕಿನ ಜೋಳ ಕದ್ದು. ಉಗ್ರಾಣದಿಂದ ಕದ್ದವರಿಗೆ ನಮ್ಮಲ್ಲಿ ನೇಣು. ಹೋದ ಚಳಿಗಾಲದಲ್ಲಿ ಒಬ್ಬ ನೇಕಾರನನ್ನು ಎರಡು ಹಿಡಿ ಓಟ್ಸ್ ಹಿಟ್ಟಿಗಾಗಿ ಗಲ್ಲಿಗೆ ಹಾಕಿದ್ದಾರೆ.

ಅತ್ತೆಗೆ ತಮ್ಮ ಹೆಸರು ಬೇಕು. ನನಗೆ ಅತ್ತೆ ಬೇಕು. ಎರಡೂ ಒಂದೇ ಕಾಗದದಲ್ಲಿ ಹಿಡಿಸುತ್ತಿಲ್ಲ.

ಅದಕ್ಕೇ ಎರಡು ಕಂತೆ ಮಾಡಿಕೊಂಡಿದ್ದೇನೆ. ಒಂದು ಕಂಪನಿಗೆ. ಇನ್ನೊಂದು, ನೀವು ಓದುತ್ತಿರುವುದು, ನನ್ನ ಹುಲ್ಲು ಹಾಸಿಗೆಯಡಿ ಇರುತ್ತದೆ. ನೀವು ಅಲ್ಲಿಗೆ ಹೇಗೆ ಬಂದಿರೋ ನನಗೆ ಗೊತ್ತಿಲ್ಲ. ಬಂದಿದ್ದೀರಿ, ಕೂರಿ.

2

ನಮ್ಮ ಊರಿನಲ್ಲಿ ಎಲ್ಲವೂ ಎಲ್ಲರದು. ಬೆಳಿಗ್ಗೆ ಗಂಟೆ ಬಾರಿಸಿದರೆ ಎಲ್ಲರೂ ಎಲ್ಲರ ಹೊಲಕ್ಕೆ ಹೋಗಬೇಕು. ಬೆಳೆದದ್ದು ಎಲ್ಲರ ಉಗ್ರಾಣಕ್ಕೆ. ಅಲ್ಲಿಂದ ಎಲ್ಲರಿಗೂ ಒಂದೇ ಅಳತೆ. ಕಂಪನಿಯ ನಿಯಮ ಇದು, ಕೇಳಲು ಚೆನ್ನಾಗಿದೆ. ಆದರೆ ಎಲ್ಲರ ಹೊಲ ಎಂದರೆ ಪ್ರತಿಯೊಬ್ಬರಿಗೂ ಅದು ಇನ್ನೊಬ್ಬರ ಹೊಲ. ಗಂಟೆ ಬಾರಿಸಿದ ಕೂಡಲೇ ಊರಿಗೆಲ್ಲ ಸೊಂಟನೋವು ಹರಡುತ್ತಿತ್ತು, ಊಟದ ಹೊತ್ತಿಗೆ ವಾಸಿಯಾಗುತ್ತಿತ್ತು. ಬಾರ್ನಬಿ ಮಾವನ ಸೊಂಟ ಮಾತ್ರ ಊಟದ ಹೊತ್ತಿಗೂ ವಾಸಿಯಾಗದೆ ತಟ್ಟೆಯನ್ನು ಹಾಸಿಗೆಗೇ ತರಿಸಿಕೊಳ್ಳುತ್ತಿತ್ತು.

ಹೀಗಾಗಿ ಎರಡನೆಯ ವರ್ಷ ನಮ್ಮ ಗೋಧಿ ಕೈಕೊಟ್ಟಿತು. ತಾಮ್ರದ ಪಾತ್ರೆ, ಚಾಕು ಕೊಟ್ಟು ನದಿಯಾಚೆಯ ಊರಿನಿಂದ ಮುಸುಕಿನ ಜೋಳ ತಂದೆವು. ತಂದುಕೊಟ್ಟವಳು ಆ ಊರಿನ ಒಬ್ಬ ಹೆಂಗಸು. ನಾನು ಅವಳನ್ನು ಅಕ್ಕ ಎನ್ನುತ್ತೇನೆ. ನಮ್ಮ ಮಾತನ್ನು ಅವಳು ಮೀನು ಹಿಡಿಯುವ ಹಡಗಿನವರಿಂದ ಕಲಿತದ್ದರಿಂದ, ಗವರ್ನರರಿಗೆ ಅವಳು ಹೇಳುವ ನಮಸ್ಕಾರವನ್ನು ಇಲ್ಲಿ ಬರೆಯುವಂತಿಲ್ಲ.

ಅವಳು ನಮ್ಮ ಉಗ್ರಾಣದ ಪೀಪಾಯಿಗಳನ್ನು ತಟ್ಟಿ ನೋಡಿದಳು.

"ಜೋಳ ಇದರಲ್ಲಿ ಹಾಕ್ತೀರಾ? ಹೊಳೆ ಪಕ್ಕ? ಬೂಷ್ಟು ಹಿಡಿಯುತ್ತೆ."

"ಬೀಗ ಹಾಕ್ತೀವಿ. ಕೋವಿ ಕೊಟ್ಟು ಕಾವಲು ನಿಲ್ಲಿಸ್ತೀವಿ," ಎಂದರು ಗವರ್ನರ್.

"ಬೂಷ್ಟಿಗೆ ಕೋವಿ ಕಂಡ್ರೆ ಭಯಾನಾ? ಎತ್ತರದ ನೆಲದಲ್ಲಿ ಗುಂಡಿ ತೋಡಿ, ಒಳಗೆ ತೊಗಟೆ ಹಾಸಿ, ಹೂತುಬಿಡಿ. ನಮ್ಮಜ್ಜಿ ಹಾಗೇ ಮಾಡ್ತಿದ್ಲು."

"ಕ್ರೈಸ್ತರು ಹೆಣ ಹೂಳ್ತೀವಿ ಕಣಮ್ಮ, ದವಸ ಹೂಳಲ್ಲ."

ಅತ್ತೆ ಅಲ್ಲೇ ಊರಿನ ಹಂಡೆಯಲ್ಲಿ ಗಂಜಿ ತಿರುವುತ್ತಿದ್ದರು. ಆ ಮಾತಿನ ಎರಡು ತುದಿಗಳನ್ನೂ ಕೇಳಿಸಿಕೊಂಡು ಗಂಟು ಹಾಕಿದರು.

3

ಮಾವ ಅದೇ ವಾರ ಜ್ವರ ಬಂದು ಸತ್ತರು.

(ಅತ್ತೆ: "ಜೀವಮಾನದಲ್ಲಿ ಸರಿಯಾದ ಹೊತ್ತಿಗೆ ಮಾಡಿದ ಒಂದೇ ಕೆಲಸ.")

ಊರಿಗೆಲ್ಲ ಸೊಂಟನೋವಿದ್ದುದರಿಂದ ಗುಂಡಿಯನ್ನು ಅತ್ತೆ ಮತ್ತು ನಾನೇ ತೋಡಿದೆವು. ಮಾವನ ಕಾಲಿನ ಕಡೆ ನಾಲ್ಕು ಮೊಳ ಬಿಟ್ಟು ಇನ್ನೊಂದು ಗುಂಡಿ. ಅದಕ್ಕೆ ತೊಗಟೆ ಹಾಸಿದೆವು. ಗಂಜಿಗೆ ಅಳೆಯುವ ನೆಪದಲ್ಲಿ ಅತ್ತೆ ಉಗ್ರಾಣದಿಂದ ತಂದ ಮೂರು ಬುಟ್ಟಿ ಜೋಳ ಮಾವನ ಬಟ್ಟೆಗಂಟಿನ ವೇಷದಲ್ಲಿ ಅಲ್ಲಿಗೆ ಹೋಯಿತು. ಒಂದು ಬುಟ್ಟಿಯನ್ನು ನಾನೇ ಹೊತ್ತಿದ್ದೆ. (ಈ ವಾಕ್ಯವನ್ನು ಆಮೇಲೆ ಹೊಡೆದು ಹಾಕಬೇಕು.)

ಮೇಲೆ ಒಂದೇ ದಿಬ್ಬ. ಆದರೆ ಗವರ್ನರ್ ಅಷ್ಟರಲ್ಲೇ ಆಜ್ಞೆ ಹೊರಡಿಸಿದರು: ನಮ್ಮಲ್ಲಿ ಎಷ್ಟು ಜನ ಸತ್ತರೆಂದು ಹೊರಗಿನವರಿಗೆ ತಿಳಿಯಬಾರದು, ಆದ್ದರಿಂದ ಸಮಾಧಿಗಳನ್ನೆಲ್ಲ ನೆಲಸಮ ಮಾಡಬೇಕು, ಗುರುತಿನ ಕಲ್ಲೂ ಇರಬಾರದು. (ಹೊರಗಿನವರು ಪ್ರತಿದಿನ ಮೀನು ಮಾರಲು ಬಂದು ನಮ್ಮನ್ನು ಎದುರೆದುರೇ ನೋಡಿಕೊಂಡು ಹೋಗುತ್ತಿದ್ದರು, ಅದು ಬೇರೆ ವಿಷಯ.) ದಿಬ್ಬ ಹೋದರೆ ಜೋಳ ಎಲ್ಲಿದೆಯೆಂದು ಗೊತ್ತಾಗುವುದು ಹೇಗೆ? ಅತ್ತೆ ಅಲ್ಲೇ ಹೋಗಿ ಕೂತರು. ಹಿಮ ಬಿದ್ದರೂ ಪ್ರತಿದಿನ ಹೋಗಿ, ಹೆಣಿಗೆ ಕಡ್ಡಿ ಹಿಡಿದು, ನಾಯಿಗಳನ್ನು ಓಡಿಸುತ್ತಾ ಕೂತರು.

"ಎಂಥಾ ಪತಿವ್ರತೆ," ಎಂದರು ಊರಿನವರು. "ಬದುಕಿದ್ದಾಗ ಆತನ ಜೊತೆ ಜಗಳ ಬಿಟ್ಟು ಬೇರೆ ಮಾತಾಡಿದ್ದು ನಾವು ಕೇಳಿಲ್ಲ. ಪ್ರೀತಿ ಒಳಗೇ ಇತ್ತು ನೋಡಿ."

4

(ಈ ಅಧ್ಯಾಯ ಮಾಸ್ಟರ್ ಫೋಲ್ ಅವರಿಗೆ ಮೀಸಲು. ತಮಗೊಂದು ಪೂರ್ತಿ ಅಧ್ಯಾಯ ಬೇಕೆಂದು ಎರಡು ಸಲ ಬಂದು ಕೇಳಿದ್ದಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದಾಗಲೂ ಕೊರಳಿನ ಮಡಿಕೆ ಕಾಲರಿಗೆ ಗಂಜಿ ಹಾಕಿಸಿದವರು ಅವರು. ಆ ಗಂಜಿ ಕುಡಿಯುವ ಗಂಜಿಯೇ ಆಗಿತ್ತು. ಅವರು ಇನ್ನೇನಾದರೂ ಮಾಡಿದರೆ ಇಲ್ಲಿ ಸೇರಿಸುತ್ತೇನೆ. ಜಾಗ ಬಿಟ್ಟಿದ್ದೇನೆ.)

5

ಇದನ್ನು ಮೂರು ಸಲ ಬರೆದು ಮೂರು ಸಲ ಹರಿದಿದ್ದೇನೆ. ನಗು ಬರುವ ಭಾಗವನ್ನು ಮೊದಲು ಹೇಳುತ್ತೇನೆ.

ಉಗ್ರಾಣದ ಬಾಗಿಲಲ್ಲಿ ಕಾವಲುಗಾರ ಕೋವಿ ಹಿಡಿದು ಹೊರಗೆ ಮುಖ ಮಾಡಿ ನಿಂತಿದ್ದ. ಇಲಿಗಳು ಒಳಗಿದ್ದವು. ಅವೂ ನಮ್ಮ ಜೊತೆ ಅದೇ ಹಡಗಿನಲ್ಲಿ ಬಂದವು, ನಮ್ಮದೇ ಡೆವನ್ ಸೀಮೆಯ ಇಲಿಗಳು, ಒಂದು ರೀತಿಯಲ್ಲಿ ನೆಂಟರು. ನಾಲ್ಕು ತಿಂಗಳು ಆ ಕಾವಲುಗಾರ ಅವುಗಳ ಊಟಕ್ಕೆ ಯಾರೂ ಅಡ್ಡಿ ಮಾಡದಂತೆ ನೋಡಿಕೊಂಡ. ಇಲಿ ಬಿಟ್ಟದ್ದನ್ನು ಬೂಷ್ಟು ತಿಂದಿತು. ಬಾಗಿಲ ಬಳಿಯ ಪೀಪಾಯಿಗಳು ಮುಗಿದು ಹಿಂದಿನವನ್ನು ತೆರೆದಾಗ ಜನವರಿ.

ಇನ್ನೊಂದು ಭಾಗ: ಜನವರಿಯಿಂದ ಮಾರ್ಚ್‌ವರೆಗೆ ಮೂವತ್ತೊಂದು ಜನ ಸತ್ತರು. ಪಕ್ಕದ ಮನೆಯ ಮಾರ್ಜರಿ ಎರಡು ಮಕ್ಕಳನ್ನು ಒಂದೇ ವಾರದಲ್ಲಿ ಕಳೆದುಕೊಂಡಳು. ನಾನೂ ಮಲಗಿಬಿಟ್ಟೆ. ಅತ್ತೆ ಬೂಟಿನ ಚರ್ಮ ಬೇಯಿಸಿ ಆ ನೀರು ಕುಡಿಸುತ್ತಿದ್ದರು.

"ಅತ್ತೆ, ಒಂದೇ ಒಂದು ಹಿಡಿ," ಎಂದೆ.

"ಯಾವುದು?"

"ನಿಮಗೆ ಗೊತ್ತು."

"ನನಗೇನೂ ಗೊತ್ತಿಲ್ಲ," ಎಂದು ಎದ್ದು ಹೋಗಿ ಗೋರಿಯ ಮೇಲೆ ಕೂತರು. ಅವರೂ ತಿನ್ನಲಿಲ್ಲ. ಆ ಚಳಿಗಾಲ ಅವರ ಬಾಯಲ್ಲಿ ಹನ್ನೊಂದು ಹಲ್ಲು ಉಳಿದವು.

ಬೇಸಿಗೆಯಲ್ಲಿ ಒಮ್ಮೆ ಕೇಳಿದೆ, ಯಾಕೆ ಕೊಡಲಿಲ್ಲವೆಂದು.

"ಕೊಟ್ಟಿದ್ರೆ ನಿನಗೆ ಒಂದು ವಾರ ಹೊಟ್ಟೆ ತುಂಬ್ತಿತ್ತು. ನಿನ್ನ ಮುಖ ನೋಡಿ ಇನ್ನೊಬ್ಬರು ಕೇಳ್ತಿದ್ರು. ಅವರಿಗೂ ಒಂದು ವಾರ. ಆಮೇಲೆ ಬಿತ್ತೋಕೆ ಏನಿರ್ತಿತ್ತು, ನಿನ್ನ ಮಾವನ ಸೊಂಟಾನಾ?"

ನಗಬೇಕೋ ಬೇಡವೋ ತಿಳಿಯಲಿಲ್ಲ. ನಕ್ಕೆ. ನಗುವಷ್ಟು ಶಕ್ತಿ ಆಗ ಬಂದಿತ್ತು.

6

ಏಪ್ರಿಲ್‌ನಲ್ಲಿ ಗವರ್ನರ್ ಎಲ್ಲರನ್ನೂ ಅಂಗಳಕ್ಕೆ ಕರೆದು, ಬಿತ್ತನೆಗೆ ಬೀಜವಿಲ್ಲ, ಊರು ಬಿಟ್ಟು ಉತ್ತರದ ಮೀನುಗಾರರ ದ್ವೀಪಕ್ಕೆ ನಡೆದು ಹೋಗೋಣ ಎಂದರು. ನಡೆಯಬಲ್ಲವರು ಇದ್ದುದು ಹತ್ತು ಹನ್ನೆರಡು ಜನ. ದ್ವೀಪಕ್ಕೆ ನಡೆದು ಹೋಗುವುದು ಹೇಗೆಂದು ಕೇಳುವಷ್ಟು ತ್ರಾಣ ಯಾರಿಗೂ ಇರಲಿಲ್ಲ.

"ಬೀಜ ಇದೆ," ಎಂದರು ಅತ್ತೆ.

"ಎಲ್ಲಿದೆ?"

"ನನ್ನ ಗಂಡನ ಗೋರೀಲಿ."

"ಅಲ್ಲಿಗೆ ಹೇಗೆ ಹೋಯ್ತು?"

ನೇಕಾರನನ್ನು ನೇಣಿಗೆ ಹಾಕಿದ ಓಕ್ ಮರ ಅಂಗಳದಿಂದ ಕಾಣುತ್ತದೆ. ಹಗ್ಗವನ್ನು ಇನ್ನೂ ಬಿಚ್ಚಿರಲಿಲ್ಲ.

"ಮಾವ ಕನಸಲ್ಲಿ ಬಂದಿದ್ರು. ನನ್ನ ಕಾಲ ಹತ್ರ ಅಗೀರಿ, ದೇವರು ಕೊಟ್ಟಿದ್ದಾನೆ ಅಂದ್ರು."

ಇದನ್ನು ಹೇಳಿದ್ದು ನಾನು. ಊರಿಗೆ ಬಂದ ಮೇಲೆ ನಾನು ಗಟ್ಟಿಯಾಗಿ ಆಡಿದ ಮೊದಲ ಪೂರ್ತಿ ಮಾತು ಅದಂತೆ. ಆಮೇಲೆ ಹಲವರು ಹೇಳಿದರು. (ಕಥೆ ಕಟ್ಟುವುದನ್ನು ಹೇಗೆ ಶುರು ಮಾಡಿದಿರಿ ಎಂದು ಯಾರಾದರೂ ಕೇಳಿದರೆ ಉತ್ತರ ಇಷ್ಟೆ: ಹಗ್ಗ ಕಂಡು.)

ಅಗೆದರು. ಜೋಳ ಹಾಕಿದ ಹಾಗೇ ಇತ್ತು, ಒಣಗಿ ಗಟ್ಟಿಯಾಗಿ, ಬಣ್ಣ ಮಾಸದೆ. ಎಲ್ಲರೂ ಮಂಡಿಯೂರಿದರು. ಅತ್ತೆ ಮಾತ್ರ ಊರಲಿಲ್ಲ, ಮಂಡಿನೋವು ಎಂದರು.

"ಇಪ್ಪತ್ತು ವರ್ಷ ಸೊಂಟನೋವು ಅನುಭವಿಸಿದ ಜೀವ," ಎಂದು ಗವರ್ನರ್ ಕಣ್ಣೊರೆಸಿಕೊಂಡರು. "ಅಂಥವರಿಗೇ ದೇವರು ಒಲಿಯೋದು."

ಅತ್ತೆ ನನ್ನ ಕಡೆ ತಿರುಗಿ ನೋಡಿದ ನೋಟವನ್ನು ಬರೆಯುವಷ್ಟು ಓದು ನನಗಿಲ್ಲ.

7

ಮಾರನೆಯ ಬೆಳಿಗ್ಗೆ ಗವರ್ನರ್ ಬಾಗಿಲಿಗೆ ಬಂದರು.

"ಏನಮ್ಮಾ ಟ್ಯಾಮ್ಸಿನ್, ಬಾರ್ನಬಿಯವರು ಇನ್ನೇನಾದ್ರೂ ಹೇಳಿದ್ರಾ?"

ಅತ್ತೆ ಹಿತ್ತಲಲ್ಲಿ ಐದು ಜನ ಬ್ರಹ್ಮಚಾರಿಗಳ ಅಂಗಿ ಒಗೆಯುತ್ತಿದ್ದರು. ಎಲ್ಲರ ಅಂಗಿಯೂ ಎಲ್ಲರದಾದ್ದರಿಂದ, ಹೆಂಡತಿಯಿಲ್ಲದವರ ಅಂಗಿ ಇದ್ದಬದ್ದ ಹೆಂಗಸರ ಪಾಲು. ಅವರು ಒಗೆಯುವುದನ್ನು ನಿಲ್ಲಿಸಿ, ನನ್ನ ಹಿಂದೆ ಬಂದು ನಿಂತು, ಬೆನ್ನಿಗೆ ಒಂದು ಬೆರಳು ಊರಿದರು. ನಾವು ಹಾಸಿಗೆಯಲ್ಲೇ ಮಾತಾಡಿಕೊಂಡಿದ್ದೆವು.

"ಹೇಳಿದ್ರು. ಬೀಜಾನ ಮನೆಮನೆಗೆ ಹಂಚಬೇಕಂತೆ. ಅವರವರ ತುಂಡು ಅವರವರೇ ಬಿತ್ತಬೇಕಂತೆ. ಬೆಳೆದದ್ದು ಅವರವರ ಮನೆಗಂತೆ."

"ಇದಕ್ಕೆ ಕಂಪನಿ ಒಪ್ಪಲ್ಲ."

"ಮಾವ ಕಂಪನಿಯವರನ್ನ ಕೇಳಲಿಲ್ಲ, ಸ್ವಾಮಿ."

ಬೀಜ ಹಂಚಿದ ದಿನ ಊರಿನ ಸೊಂಟಗಳೆಲ್ಲ ಒಟ್ಟಿಗೆ ನೆಟ್ಟಗಾದವು. ಗಂಟೆ ಬಾರಿಸಬೇಕಾದವನೇ ಗಂಟೆಗೆ ಮೊದಲು ತನ್ನ ಹೊಲದಲ್ಲಿದ್ದ. ನಾಲ್ಕು ತಿಂಗಳ ಬಸುರಿ ಗುದ್ದಲಿ ಹಿಡಿದಳು. ಅವಳ ಗಂಡ, ಎರಡು ವರ್ಷದಿಂದ ಎದ್ದು ಕೂರಲಾರದವನು, ಅವಳ ಕೈಯಿಂದ ಅದನ್ನು ಕಿತ್ತುಕೊಂಡ.

ಬುಡಕ್ಕೊಂದು ಮೀನು ಹೂಳಬೇಕು ಎಂದರು ಮಾವ. (ಹೇಳಿಕೊಟ್ಟದ್ದು ಅಕ್ಕ.) ಹೂತ ಮೀನನ್ನು, ಚಳಿಗಾಲದಲ್ಲಿ ನಮ್ಮ ಹಂಡೆಗೆ ಸಿಗದೆ ಕಾಡು ಸೇರಿ ಉಳಿದುಕೊಂಡ ನಾಯಿಗಳು ವಾಪಸು ಬಂದು ಕೆದಕಿ ತಿಂದವು. ನಾಯಿಗಳ ಒಂದೊಂದು ಮುಂಗಾಲನ್ನು ಕೊರಳಿಗೆ ಕಟ್ಟಿ ಎಂದರು ಮಾವ. ನಲವತ್ತು ದಿನ ಊರಿನ ನಾಯಿಗಳೆಲ್ಲ ಮೂರೇ ಕಾಲಿನಲ್ಲಿ ಕುಂಟುತ್ತಾ, ನಿಮಗೇನಾಗಿದೆ ಎಂಬಂತೆ ನಮ್ಮನ್ನು ನೋಡುತ್ತಿದ್ದವು. ಜೂನ್‌ನಲ್ಲಿ ಮಾವ, ಇನ್ನು ಮೇಲೆ ಗಂಡಸರು ತಮ್ಮ ತಮ್ಮ ಅಂಗಿ ತಾವೇ ಒಗೆದುಕೊಳ್ಳಬೇಕು ಎಂದರು.

"ಸತ್ತವನಿಗೆ ನನ್ನ ಅಂಗಿ ಉಸಾಬರಿ ಯಾಕೆ?" ಎಂದು ಮಾಸ್ಟರ್ ಫೋಲ್ ಕೇಳಿದರು.

"ಅಲ್ಲಿಂದ ಎಲ್ಲಾ ಕಾಣುತ್ತೆ, ಮಾಸ್ಟರ್ ಫೋಲ್," ಎಂದರು ಗವರ್ನರ್, ಸ್ವಲ್ಪ ಹೆದರಿಕೊಂಡೇ.

(ಅಂಗಿ ಒಗೆದರು. ಅಧ್ಯಾಯ 4ಕ್ಕೆ ಸೇರಿಸಬೇಕು.)

ಹೀಗೆ ಏಪ್ರಿಲ್‌ನಿಂದ ಸುಗ್ಗಿಯವರೆಗೆ ನ್ಯೂ ಡಾರ್ಟನ್ನನ್ನು ಆಳಿದ್ದು ಒಬ್ಬ ಸತ್ತ ಸೋಮಾರಿ. ಅಷ್ಟು ಚೆನ್ನಾಗಿ ನಮ್ಮನ್ನು ಯಾರೂ ಆಳಿರಲಿಲ್ಲ. ನಲವತ್ತೇಳು ಜನ ಉಳಿದೆವು, ಈಗ ಎಲ್ಲರಿಗೂ ಕೆನ್ನೆ ಇದೆ. ಮಾವನ ಸಮಾಧಿಗೆ ಹೂವು ಬೀಳುತ್ತದೆ. ಸೊಂಟ ಹಿಡಿದವರು ಅದರ ಮೇಲೆ ಕೂತು ಬರುತ್ತಾರೆ.

"ನಾನು ಕೂತು ಕೂತು ಬಿಸಿ ಮಾಡಿದ ಜಾಗ ಅದು," ಎನ್ನುತ್ತಾರೆ ಅತ್ತೆ.

8

ಬುಧವಾರ. ಅಕ್ಕ ಕುಂಬಳಕಾಯಿ ಮಾರಲು ಬಂದವಳು ಕಾಗದ ನೋಡಿ, ಓದು ಎಂದಳು. ಕಂಪನಿಯ ಕಂತೆ ಓದಿದೆ.

"ಜೋಳ ಯಾರದು?"

"ನಿಮ್ಮದು."

"ಹೂಳೋದು ಹೇಳಿಕೊಟ್ಟಿದ್ದು?"

"ನೀನು."

"ಮೀನು?"

"ನೀನೇ."

"ಹಾಗಾದ್ರೆ ಈ ನಿನ್ನ ಮಾವ ಏನು ಮಾಡಿದ?"

"ಸತ್ತ."

"ಅದೊಂದು ಕೆಲಸ ನಿಮ್ಮವರು ಚೆನ್ನಾಗಿ ಮಾಡ್ತೀರಿ."

ನಿನ್ನ ಹೆಸರು ಸೇರಿಸಲಾ ಎಂದು ಕೇಳಿದೆ. ಅವಳು ಹಡಗಿನ ಕಡೆ ನೋಡಿದಳು.

"ಬೇಡ. ಇದನ್ನ ಓದಿ ಇನ್ನೂ ಜನ ಬರ್ತಾರೆ, ಬಂದವರು ನನ್ನ ಮನೆ ಹುಡುಕ್ಕೊಂಡು ಬರ್ತಾರೆ. ನನ್ನ ಮಾತು ಕೇಳ್ತೀಯಾದ್ರೆ, ಎಲ್ಲರೂ ಸತ್ತೋದ್ವಿ ಅಂತ ಬರೆದು ಕಳಿಸು."

ಕಾಯಿಗೆ ಬದಲು ಸೂಜಿ ತೆಗೆದುಕೊಂಡು ಹೋದಳು. ಅವಳು ಹೇಳಿದ್ದನ್ನು ಕೊನೆಗಳ ಪಟ್ಟಿಯಲ್ಲಿ ಸೇರಿಸಿದ್ದೇನೆ.

9

ಕೊನೆಗಳ ಪಟ್ಟಿ.

ಗವರ್ನರರ ಕೊನೆ: ಎಲ್ಲರೂ ಕೈಜೋಡಿಸಿ ಹಾಡುತ್ತಾರೆ, ಗವರ್ನರ್ ಸ್ವಲ್ಪ ಎತ್ತರದಲ್ಲಿ ನಿಂತಿರುತ್ತಾರೆ.

ಮಾಸ್ಟರ್ ಫೋಲ್ ಅವರ ಕೊನೆ: ಕೋಟೆ.

ಅಕ್ಕನ ಕೊನೆ: ಎಲ್ಲರೂ ಸತ್ತರು, ಇತ್ತ ಯಾರೂ ಬರಬೇಡಿ. (ಇದನ್ನು ಬರೆದು ತುಂಬಾ ಹೊತ್ತು ನೋಡಿದೆ. ಹಡಗಿನ ಕ್ಯಾಪ್ಟನ್ ನಮ್ಮನ್ನು ಕಣ್ಣಾರೆ ಕಂಡಿದ್ದಾನೆ, ಇಲ್ಲದಿದ್ದರೆ ಇದನ್ನೇ ಕಳಿಸುತ್ತಿದ್ದೆ.)

ನನ್ನ ಕೊನೆ: ಅತ್ತೆ ಮುದುಕಿಯಾಗುತ್ತಾರೆ. ಅಷ್ಟೆ.

"ಇದ್ಯಾವ ಕೊನೆ?" ಎಂದರು ಅತ್ತೆ. "ನಂದು ಎಲ್ಲಿ?"

"ನಿಮ್ಮದರಲ್ಲಿ ನಿಮ್ಮನ್ನ ಗಲ್ಲಿಗೆ ಹಾಕ್ತಾರೆ. ಹೆಸರಿಗೋಸ್ಕರ ಯಾರಾದ್ರೂ ಸಾಯ್ತಾರಾ ಅತ್ತೆ? ಮಾವನ ಪಾಲಿಗೆ ಹೋಗ್ಲಿ ಬಿಡಿ."

ಅವರು ಬಟಾಣಿ ಸುಲಿಯುತ್ತಿದ್ದರು. ಇನ್ನೊಂದು ಕಾಯಿ ಬಿಡಿಸಿ ಕಾಳು ಬಟ್ಟಲಿಗೆ ಹಾಕಿದರು.

"ಮಾರ್ಜರಿ ನಿನ್ನೆ ಕಡುಬು ತಂದುಕೊಟ್ಲು," ಎಂದರು. "ನಿಮ್ಮ ಯಜಮಾನರಿಂದ ನಾವು ಉಳಿದ್ವಿ ಅಂದ್ಲು. ನಾನು ಗೋರಿ ಮೇಲೆ ಕೂತಿದ್ದಾಗ ಅವಳು ಎರಡು ಸಲ ನನ್ನ ಮುಂದೇನೇ ಹಾದು ಹೋದ್ಲು ಕಣೇ, ಸತ್ತ ಮಗೂನ ಕೈಯಲ್ಲಿ ಎತ್ತಿಕೊಂಡು. ನನ್ನ ಕೆಳಗೆ ಮೂರು ಬುಟ್ಟಿ ಇತ್ತು. ನಾನು ಹೆಣೀತಾ ಇದ್ದೆ."

"ನೀವು ಕೊಟ್ಟಿದ್ರೂ..."

"ನನಗೆ ಗೊತ್ತು ಕೊಟ್ಟಿದ್ರೆ ಏನಾಗ್ತಿತ್ತು ಅಂತ. ಅವಳಿಗೆ ಗೊತ್ತಿಲ್ಲ. ಯಾಕೆ ಕೊಡಲಿಲ್ಲ ಅಂತ ಅವಳು ನನ್ನ ಕೇಳಬೇಕು. ನಾನು ಹೇಳಬೇಕು. ಆ ಕಡುಬನ್ನ ಹೇಗೆ ತಿನ್ನಲಿ ನಾನು?"

ನಾನು ಇಲ್ಲಿಯವರೆಗೆ ಇದನ್ನು ಗಂಡನ ಮೇಲಿನ ಹೊಟ್ಟೆಕಿಚ್ಚು ಎಂದುಕೊಂಡು ಬರೆಯುತ್ತಿದ್ದೆ. ಹಿಂದೆ ಹೋಗಿ ತಿದ್ದಬೇಕಿತ್ತು. ತಿದ್ದಲಿಲ್ಲ, ನೀವೂ ಹಾಗೇ ಅಂದುಕೊಂಡಿದ್ದೀರಲ್ಲ, ಇರಲಿ.

10

ಗುರುವಾರ. ಅಂಗಳದಲ್ಲಿ ನಲವತ್ತೇಳು ಜನ ಸೇರಿದ್ದಾರೆ. ಕ್ಯಾಪ್ಟನ್ ನೀರಿನ ಕಡೆಗೆ ಒಂದು ಕಣ್ಣು ಇಟ್ಟುಕೊಂಡು ನಿಂತಿದ್ದಾನೆ.

"ಗಟ್ಟಿಯಾಗಿ ಓದಮ್ಮ," ಎಂದರು ಗವರ್ನರ್.

ಓದಿದೆ. ದೇವರ ಕೃಪೆ ಬಂತು, ದೂರದೃಷ್ಟಿ ಬಂತು. ಪುಣ್ಯಾತ್ಮ ಎಂಬ ಪದಕ್ಕೆ ಬರುವಷ್ಟರಲ್ಲಿ ಹಿಂದಿನಿಂದ, "ಸಾಕು ನಿಲ್ಸು," ಎಂದು ಕೇಳಿಸಿತು.

ಜನ ದಾರಿ ಬಿಟ್ಟರು. ಅತ್ತೆ ಒಗೆದ ಶಾಲು ಹೊದ್ದು, ಚರ್ಚಿಗೆ ಹೊರಟವರಂತೆ ಮುಂದೆ ಬಂದರು. ಗವರ್ನರರಿಗೆ ತಲೆಬಾಗಿದರು. ಆಮೇಲೆ ಗವರ್ನರರಿಗೆ ಬೆನ್ನು ಮಾಡಿ ಮಾರ್ಜರಿಯ ಕಡೆ ತಿರುಗಿದರು.

"ಆ ಜೋಳ ಅಲ್ಲಿಗೆ ಹೇಗೆ ಹೋಯ್ತು ಅಂತ ನಾನು ಹೇಳ್ತೀನಿ," ಎಂದು ಬಾಯಿ ತೆರೆದರು.

ಇಲ್ಲಿ ನಿಲ್ಲಿಸುತ್ತೇನೆ.

ಮುಂದಿನ ಮಾತು ಅತ್ತೆಯದು, ಆದರೆ ಬರೆಯುವ ಕೈ ನನ್ನದು. ಯಾರಿಗಾದರೂ ಅವರನ್ನು ಗಲ್ಲಿಗೆ ಹಾಕಲೇಬೇಕಿದ್ದರೆ ತಮ್ಮ ತಮ್ಮ ತಲೆಯೊಳಗೆ ಹಾಕಿಕೊಳ್ಳಿ, ಮರವನ್ನು ನೀವೇ ಹುಡುಕಿಕೊಳ್ಳಿ. ಎಲ್ಲರೂ ಕ್ಷಮಿಸಿ ಅಪ್ಪಿಕೊಂಡರು ಎನ್ನುವವರೂ ಹಾಗೆಯೇ ಮಾಡಿ. ನಾನು ಎರಡಕ್ಕೂ ಶಾಯಿ ಕೊಡುವುದಿಲ್ಲ.

"ಬರಿಯೇ," ಎಂದರು ಅತ್ತೆ.

"ಬರಿಯಲ್ಲ."

"ಎಷ್ಟು ಹೊತ್ತು ಹೀಗೆ ಬಾಯಿ ತೆಕ್ಕೊಂಡು ನಿಲ್ಲಲಿ? ದವಡೆ ನೋಯ್ತಿದೆ."

"ಮುಚ್ಕೊಳಿ."

"ಮುಚ್ಚಿದ್ರೆ ಮತ್ತೆ ತೆಗೆಯೋಕೆ ಬಿಡ್ತೀಯಾ?"

ನಾನು ಲೇಖನಿಯ ತುದಿ ಒರೆಸಿದೆ.

"ಟ್ಯಾಮ್ಸಿನ್," ಎಂದರು, ಮೆಲ್ಲಗೆ. "ನನ್ನ ಜಾಗದಲ್ಲಿ ನೀನು ಒಂದು ಸಲ ಮಾತಾಡಿದೀಯ. ಸಾಕು. ಅಲ್ಲಿ ನೋಡು, ಅವಳು ಕೇಳೋಕೆ ಬರ್ತಿದ್ದಾಳೆ."

ನನಗೂ ಕಾಣುತ್ತಿದೆ. ಮಾರ್ಜರಿ ಗುಂಪಿನಿಂದ ಹೊರಗೆ ಬರುತ್ತಿದ್ದಾಳೆ. ಅವಳ ಮುಖ ಓದಲು ನೋಡಿದೆ, ಆಗಲಿಲ್ಲ. ಅದು ಅತ್ತೆಯ ಕೊರಳಿಗೆ ಬರುತ್ತಿರುವ ಹೆಜ್ಜೆಯೋ, ಅತ್ತೆಯ ಕೈ ಹಿಡಿಯಲು ಬರುತ್ತಿರುವ ಹೆಜ್ಜೆಯೋ ಗೊತ್ತಿಲ್ಲ. ಓದುಗರೇ, ನಿಮಗೂ ಗೊತ್ತಿಲ್ಲ, ಗೊತ್ತಿರುವವರ ಹಾಗೆ ತಲೆಯಾಡಿಸಬೇಡಿ. ಅವಳು ಎತ್ತಿದ ಕಾಲು ಇನ್ನೂ ನೆಲಕ್ಕೆ ತಾಗಿಲ್ಲ.